ಕುವೈತಿನ ದಪ್ಪ ವಯರು

ಎಂಬತ್ತರ ದಶಕದಲ್ಲಿ ಕಾಪುವಿನ ನಮ್ಮ ಪಕ್ಕದ ಮನೆಯವರು ಕುವೈತಿನಿಂದ ಬರುವಾಗ ಸ್ಟೀರಿಯೋ ಸೆಟ್ಟಿನ ಜೊತೆ ಹೆಬ್ಬೆರಳಿನಷ್ಟು ದಪ್ಪದ ಸ್ಪೀಕರ್ ವಯರನ್ನೂ ತಂದಿದ್ದರು. ಹೋದವರಿಗೆಲ್ಲ ಶರಬತ್ತು ಕೊಟ್ಟು, ಯಕ್ಷಗಾನದ ಕ್ಯಾಸೆಟ್ಟನ್ನು ಮೊದಲು ಉಡುಪಿಯ ಸಪೂರ ವಯರಿನಲ್ಲಿ, ಆಮೇಲೆ ಈ ದಪ್ಪ ವಯರಿನಲ್ಲಿ ಕೇಳಿಸುತ್ತಿದ್ದರು. "ಸೆಟ್ಟು ಎಲ್ಲರ ಮನೆಯಲ್ಲೂ ಉಂಟು. ಕೇಳಲಿಕ್ಕೆ ಕಿವಿ ಬೇಕು ಮಾರಾಯ!" ಶರಬತ್ತು ಕುಡಿದ ಮೇಲೆ ವ್ಯತ್ಯಾಸ ಇಲ್ಲ ಎನ್ನುವುದು ಹೇಗೆ? ಊರಿಗೆ ಊರೇ ಹೌದೆಂದಿತ್ತು.

ಒಂದು ಸಂಜೆ ಅವರು ನನ್ನೆದುರು ಸಪೂರ ವಯರನ್ನು ಕಳಚಿ, ದಪ್ಪದ್ದನ್ನು ಹೆಗಲಿಗೆ ಹಾಕಿಕೊಂಡು ಸೆಟ್ಟಿನ ಹಿಂದೆ ತುಂಬ ಹೊತ್ತು ತಿಣುಕಿದರು. ಎದ್ದು ಗುಂಡಿ ಒತ್ತಿದ್ದೇ ಚೆಂಡೆ ಮೊಳಗಿತು. ಅವರು ಕಣ್ಣು ಮುಚ್ಚಿ ತಲೆದೂಗಿದರು.

"ಕೇಳಿತಾ? ಇಲ್ಲೇ ಬಂದು ಬಾರಿಸಿದ ಹಾಗೆ ಉಂಟು, ಅಲ್ವಾ?"

ನಾನು ಹೌದೆಂದೆ.

ಒಳಗಿನಿಂದ ಬಂದ ಅವರ ಹೆಂಡತಿ, "ಎಂತ ಹೌದು? ಇವತ್ತು ಎದುರಿನ ಗದ್ದೆಯಲ್ಲಿ ಯಕ್ಷಗಾನದ ಆಟ ಉಂಟು. ಜನ ಸೇರಲಿ ಅಂತ ಮೇಳದವರು ಬಾರಿಸುವುದು ಅದು. ನಿಮ್ಮ ವಯರಿನ ತುದಿ ಇನ್ನೂ ಹೆಗಲಲ್ಲೇ ಉಂಟು" ಎಂದರು.

ಅವರು ಹೆಗಲು ನೋಡಿಕೊಂಡರು. ಒಂದಿಷ್ಟೂ ನಾಚದೆ ನನ್ನ ಕಡೆ ತಿರುಗಿದರು.

"ನೋಡಿದೆಯಾ ಮಾರಾಯ ಇದರ ಕ್ವಾಲಿಟಿ! ಸಿಕ್ಕಿಸುವುದೂ ಬೇಡ."