ಕುಳ್ಳಿನ ಗೋಡೆಗೆ ಬಂದ ತಿಮಿಂಗಿಲ

ವಿಜಯಪುರದಲ್ಲಿ ಚಿತ್ರಕಲೆ ಕಲಿಸುವ ನಾನು, ಕಡಲನ್ನು ಉಳಿಸಿ ಎಂದು ಹೇಳುವ ಗೋಡೆಚಿತ್ರಕ್ಕೆ ಬಬಲೇಶ್ವರದ ಸಂತೆ ಬೀದಿಯನ್ನು ಆರಿಸಿಕೊಂಡಾಗ ಗೆಳೆಯರು ನಕ್ಕರು. ಸಮುದ್ರವೆಲ್ಲಿ, ನಾವೆಲ್ಲಿ ಎಂದರು. ಸಂತೆಯ ಚೀಲ ಹಳ್ಳಕ್ಕೆ ಬಿದ್ದು, ಡೋಣಿ ಹೊಳೆ ಸೇರಿ, ಕೃಷ್ಣೆಯ ಜೊತೆ ಕಡಲಿಗೇ ಹೋಗುತ್ತದೆಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೂ ಹಟ ಬಂತು. ತಿಮಿಂಗಿಲವನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತೇನೆ, ಒಂದು ಗೇಣೂ ಕಡಿಮೆ ಮಾಡುವುದಿಲ್ಲ ಎಂದುಬಿಟ್ಟೆ.

ಹಗ್ಗ ಹಿಡಿದು ಗುರುತು ಹಾಕುತ್ತ ಹೋದರೆ ಅರವತ್ತಡಿ. ತಲೆಗೇ ಹಿಟ್ಟಿನ ಗಿರಣಿಯ ಗೋಡೆ ಮುಗಿಯಿತು, ಹೊಟ್ಟೆಗೆ ಪಕ್ಕದ ಗೋದಾಮಿನ ಗೋಡೆ. ದಿನಾ ಗೋಳಗುಮ್ಮಟದ ಮುಂದೆ ಓಡಾಡುವ ನನಗೆ ದೊಡ್ಡದೆಂದರೇನು ಎಂಬುದು ಗೊತ್ತಿದೆ ಅಂದುಕೊಂಡಿದ್ದೆ. ಇಷ್ಟುದ್ದದ ಮೈಯೊಂದು ಎಲ್ಲೋ ಉಸಿರಾಡುತ್ತಿದೆ ಎಂದು ನೆನೆದರೆ, ಬರೆಯುವ ನನಗೇ ಎದೆ ಝಲ್ಲೆನ್ನುತ್ತಿತ್ತು.

ಬಾಲಕ್ಕೆ ಉಳಿದದ್ದು ಮೂರನೆಯ ಗೋಡೆ. ಅದು ಎಮ್ಮೆ ಕಟ್ಟಿಕೊಂಡಿದ್ದ ಒಬ್ಬ ಹೆಣ್ಣುಮಗಳದು. ಗೋಡೆಯ ತುಂಬ ಸಗಣಿಯ ಕುಳ್ಳು ಬಡಿದಿದ್ದಳು. ಕೊಡುವುದಿಲ್ಲ ಎಂದಳು. ಒಲೆಗೆ ನಿಮ್ಮ ಮೀನು ಹಾಕಲೇನು ಎಂದೂ ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಬಾಲ ಮಡಚಿ ಬರೆಯಿರಿ ಎಂದು ಗಿರಣಿಯವರು ಉಪಾಯ ಹೇಳಿದರು. ಬಾಲ ಮಡಚಿದರೆ ಅದು ಈಜುವುದಾದರೂ ಹೇಗೆ? ಮಾತು ಬಿಟ್ಟು, ಹೊಟ್ಟೆಯೊಳಗಿನ ಕಸ ಬರೆಯತೊಡಗಿದೆ: ಹಾಲಿನ ಪಾಕೀಟು, ಗುಟ್ಕಾ ಚೀಟಿ, ಸಂತೆಯ ಪ್ಲಾಸ್ಟಿಕ್ ಚೀಲಗಳು.

ಮರುದಿನ ಸಗಣಿಯ ಬುಟ್ಟಿ ಹೊತ್ತು ಬಂದವಳು ಆ ಹೊಟ್ಟೆಯ ಮುಂದೆ ನಿಂತಳು. ಬುಟ್ಟಿ ಇಳಿಸಿ, ಉಬ್ಬರಿಸಿದ ದನವನ್ನು ಮುಟ್ಟಿ ನೋಡುವ ಹಾಗೆ ತಿಮಿಂಗಿಲದ ಪಕ್ಕೆಗೆ ಅಂಗೈ ಒತ್ತಿದಳು. ಹೋದ ವರ್ಷ ಅವಳ ಎಮ್ಮೆಯೊಂದು ಮೇವು ಬಿಟ್ಟು ಸತ್ತಿತ್ತಂತೆ. ಡಾಕ್ಟರು ಹೊಟ್ಟೆ ಕೊಯ್ದಾಗ ಬುಟ್ಟಿ ತುಂಬ ಇಂಥವೇ ಚೀಲ ಬಂದವಂತೆ.

"ಮೂರು ದಿನ ಒದರಿತ್ರಿ ನಮ್ಮ ಎಮ್ಮಿ," ಎಂದಳು. "ಇದೂ ಒದರತೈತೇನ್ರಿ?"

ಅದರ ದನಿ ನೀರೊಳಗೆ ಮೈಲಿಗಟ್ಟಲೆ ಹೋಗುತ್ತದೆ ಎಂದೆ. ಅವಳು ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಇಷ್ಟು ದೊಡ್ಡ ಜೀವ ಒದರಿದ್ರ, ಬಾಜೂಕ ಹೋಗಿ ನಿಲ್ಲಾವ್ರು ಯಾರದಾರ್ರಿ ಅಲ್ಲಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ತನ್ನ ಗೋಡೆಗೆ ಹೋಗಿ ಕುಳ್ಳು ಕೀಳತೊಡಗಿದಳು. ನಿನ್ನೆಯಷ್ಟೇ ಬಡಿದ ಹಸಿಯವನ್ನೂ ಬಿಡಲಿಲ್ಲ.