ಬಿಳಿಚಿದ ಪುಷ್ಯರಾಗ

ಕೊನೆಗೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ತೋರುಬೆರಳಿನ ಗೆಣ್ಣು ಬಾತುಕೊಂಡು ಬಹಳ ದಿನವಾಗಿತ್ತು. ಎಣ್ಣೆ ಹಚ್ಚಿ ನೋಡಿದೆ, ಸಾಬೂನು ಹಚ್ಚಿ ನೋಡಿದೆ, ದಾರ ಸುತ್ತಿ ಎಳೆದು ಕಣ್ಣಲ್ಲಿ ನೀರು ತಂದುಕೊಂಡೆ, ಅದು ಅಲ್ಲಾಡಲಿಲ್ಲ. ಶಲವಡಿಯಿಂದ ಬಸ್ಸು ಹಿಡಿದು ಅಣ್ಣಿಗೇರಿಗೆ ಹೋಗಿ, ನಮ್ಮ ಮನೆಯ ಬಂಗಾರವನ್ನೆಲ್ಲ ಮಾಡಿಕೊಡುವ ಪತ್ತಾರರ ಮುಂದೆ ಕೈ ಚಾಚಿದೆ. ಅವರು ಉಂಗುರವನ್ನು ಹಿಂಬದಿಯಿಂದ ಕತ್ತರಿಸಿ, ಹರಳನ್ನು ಬಿಡಿಸಿ, ಬೆಳಕಿಗೆ ಹಿಡಿದರು.

"ಅಕ್ಕೋರ, ಅಂಚಿಗೆ ಒಂದೀಟು ಒಡದೈತ್ರಿ. ಮ್ಯಾಲೂ ಮಬ್ಬಾಗೈತಿ," ಅಂದರು. ಜೀವಮಾನವೆಲ್ಲ ಕನ್ನಡ ಸಾಲೆಯಲ್ಲಿ ಕಲಿಸಿದ ನಾನು ಈ ಕಡೆಯ ಹಳ್ಳಿಗಳಿಗೆಲ್ಲ ಅಕ್ಕೋರು. "ಸಾಣಿ ಹಿಡಿಸಿದ್ರ ಹೊಸದರಂಗ ಹೊಳೀತೈತಿ, ಆದ್ರ ಸಣ್ಣದಾಗ್ತೈತಿ. ಬ್ಯಾಡ ಅಂದ್ರ ಇದ್ದಂಗ ಹೊಸಾ ಉಂಗುರದಾಗ ಕೂಡಸ್ತೀನಿ. ಯಾವದು ಮಾಡೂಣ್ರಿ?"

"ಮನ್ಯಾಗ ಕೇಳಿ ಹೇಳ್ತೀನ್ರಿ," ಅಂದೆ. ನೋಡಿ ನನ್ನ ಬುದ್ಧಿ! ಉಂಗುರ ನನ್ನದು, ಬೆರಳು ನನ್ನದು, ಕೇಳುವುದು ಮಾತ್ರ ಮನೆಯಲ್ಲಿ. ನಿವೃತ್ತಿಯಾಗಿ ಕೂತರೂ ಈ ಚಟ ಬಿಟ್ಟಿರಲಿಲ್ಲ. ಹರಳನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಬಂದೆ.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಗ್ರಹಗಿಹ ಎಲ್ಲ ನಮಗಿಲ್ಲ ಎಂದು ಅಪ್ಪ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳುತ್ತಿದ್ದ. ಮಗಳ ವಯಸ್ಸು ಇಪ್ಪತ್ತಾರು ದಾಟಿದ ಕೂಡಲೇ ಪಂಚಾಂಗ ನೋಡುವ ಅಯ್ಯನವರ ಮನೆಗೆ ಸದ್ದಿಲ್ಲದೆ ಹೋಗಿಬಂದ. ಹುಡುಗಿಗೆ ಗುರುಬಲ ಇಲ್ಲ, ಪುಷ್ಯರಾಗ ಹಾಕಿದರೆ ಲಗ್ನ ಕೂಡಿಬರುತ್ತದೆ ಅಂದರಂತೆ. ಒಂದು ಗುರುವಾರ ಬೆಳಿಗ್ಗೆ ಹಾಲಲ್ಲಿ ಅದ್ದಿ ಈ ಉಂಗುರವನ್ನು ನನ್ನ ಬೆರಳಿಗೆ ಏರಿಸಿದರು. ಪುಷ್ಯರಾಗ ಅಂದರೆ ಅರಿಸಿನದ ಹಾಗೆ ಹಳದಿ ಇರುತ್ತದೆ ಎಂದು ನಾನು ತಿಳಿದಿದ್ದೆ. ಇದು ಅರಿಸಿನದ ಕೈ ತೊಳೆದ ನೀರಿನ ಹಾಗಿತ್ತು, ಹಳದಿ ಇದೆಯೋ ಇಲ್ಲವೋ ಅನ್ನುವಷ್ಟು. "ಬಣ್ಣ ಕಮ್ಮಿ ಆದ್ರೇನವಾ, ಗುಣ ಅದ ಇರ್ತೈತಿ," ಅಂದ ಅಪ್ಪ. ಅಪ್ಪ ಮಗಳಿಗೆ ಬಂಗಾರದ ಉಂಗುರ ಮಾಡಿಸಿದ ಎಂದು ಓಣಿಯೆಲ್ಲ ಹೊಗಳಿತು. ಅದು ನನ್ನ ಪಗಾರದಲ್ಲಿ ಮಾಡಿಸಿದ್ದು ಎಂದು ನಾನೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಗುರು ಪಾಪ ಏನು ಮಾಡಿಯಾನು? ಅವನು ತನ್ನ ಕೆಲಸ ಮಾಡಿದ. ಆ ವರ್ಷವೇ ಕುಂದಗೋಳದ ಕಡೆಯಿಂದ ಒಬ್ಬ ಮಾಸ್ತರ ನನ್ನನ್ನು ನೋಡಿ ಒಪ್ಪಿದ. ವರದಕ್ಷಿಣೆ ಕೇಳಲಿಲ್ಲ. ಲಗ್ನವಾದ ಮೇಲೆ ತನ್ನ ಊರಿಗೆ ವರ್ಗ ಮಾಡಿಸಿಕೊಂಡರೆ ಸಾಕು ಅಂದ. ಜಾತಕವೂ ಕೂಡಿತ್ತು; ಅಯ್ಯನವರು ಪಡಸಾಲೆಯಲ್ಲಿ ಕೂತು "ಅಗದೀ ಚಲೋ ಕೂಡ್ಯಾವ" ಅಂದದ್ದನ್ನು ಒಳಗೆ ರೊಟ್ಟಿ ಬಡಿಯುತ್ತ ನನ್ನ ಕಿವಿಯಿಂದಲೇ ಕೇಳಿದ್ದೆ. ಆದರೆ ಆಗ ನನ್ನ ತಮ್ಮ ಧಾರವಾಡದಲ್ಲಿ ಕಾಲೇಜು ಕಲಿಯುತ್ತಿದ್ದ. ನನ್ನ ಪಗಾರ ಕುಂದಗೋಳಕ್ಕೆ ಹೋದರೆ ಅವನ ಗತಿ? ಮರುದಿನ ಅಪ್ಪ "ಜಾತಕ ಕೂಡ್ಲಿಲ್ಲ" ಎಂದು ಹೇಳಿ ಕಳಿಸಿದ. ಮುಂದೆ ಬಂದ ಇನ್ನೊಂದು ಗಂಡಿಗೂ ಅದೇ ಮಾತು. ಆಮೇಲೆ ಬರುವವರೇ ನಿಂತರು. ಊರಿಗೆ ಉಳಿದದ್ದು ಒಂದೇ ಸುದ್ದಿ: ಅಕ್ಕೋರಿಗೆ ಪುಷ್ಯರಾಗ ಹಾಕಿದರೂ ಲಗ್ನ ಕೂಡಲಿಲ್ಲ, ಅಷ್ಟು ಕೆಟ್ಟ ದೆಸೆ. ನಾನು ಬಾಯಿ ಮುಚ್ಚಿಕೊಂಡು ಸಾಲೆಗೆ ಹೋಗಿಬರುತ್ತಿದ್ದೆ.

ಈಗ ತಮ್ಮನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಎಂ.ಎಸ್ಸಿ. ಮಾಡಿದ ಹುಡುಗಿ. ಅಕ್ಷರ ತಿದ್ದಿಸಿದವಳು ನಾನು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡವಳು ನಾನು. ಬಂದ ಎರಡು ಮೂರು ಮಾತುಗಳು ತಪ್ಪಿಹೋಗಿದ್ದವು. ಆ ಅಯ್ಯನವರ ಮಗ ಈಗ ಪಂಚಾಂಗ ನೋಡುತ್ತಾನೆ. ಅವನೂ ಅದೇ ಹಾಡು ಹಾಡಿದ: ಗುರುಬಲ ಇಲ್ಲ, ಪುಷ್ಯರಾಗ ಹಾಕಿ. ನಾನು ಹರಳು ಸುತ್ತಿಕೊಂಡು ಮನೆಗೆ ಬಂದ ದಿನವೇ ತಮ್ಮ ಕೇಳಿದ: "ಅಕ್ಕಾ, ಹೆಂಗೂ ಬಿಚ್ಚೈತಿ. ಅದನ್ನ ಹುಡುಗಿಗೇ ಮಾಡಿಸಿಬಿಡೂಣೇನು?"

ನನಗೆ ನಿಜವಾಗಿಯೂ ಸಂತೋಷವಾಯಿತು. "ಅಯ್ಯ, ಕೇಳೂದೇನೈತಿ? ನಾಳೆನ ಕೂಡ್ಸಾಕ ಕೊಡೂಣು," ಅಂದೆ. ನನ್ನ ಕೈಯಲ್ಲಿದ್ದದ್ದು ನನ್ನ ಕೂಸಿನ ಕೈಗೆ ಹೋಗುತ್ತದಲ್ಲ ಅನ್ನಿಸಿತು. ಕಡಲೆ ಆರಿಸುತ್ತಿದ್ದ ತಮ್ಮನ ಹೆಂಡತಿ ಮೊರ ಕೆಳಗಿಟ್ಟಳು.

"ಅಕ್ಕಾ, ತಪ್ಪ ತಿಳ್ಕೋಬ್ಯಾಡ್ರಿ. ಬರೇ ಕೂಡ್ಸಿದ್ರ ಆಗೂದಿಲ್ಲಂತ. ಹಳೇ ಹರಳಾದ್ರ ಸಾಣಿ ಹಿಡಿಸಬೇಕಂತ ಅಯ್ನಾರು ಅವತ್ತ ಹೇಳ್ಯಾರ. ಹಾಕ್ಕೊಂಡಾವ್ರ ದೆಸಿ ಹರಳಿಗೆ ಹತ್ತಿರ್ತೈತಂತ. ಮ್ಯಾಲಿಂದು ತೇದು ತಗದ್ರ ಹೊಸಾದು ಆಗ್ತೈತಂತ."

"ಯಾರ ದೆಸಿ ತೇದು ತಗೀಬೇಕು?" ಅಂದೆ.

ಅವಳು ಮತ್ತೆ ಮೊರ ಎತ್ತಿಕೊಂಡಳು. ತಮ್ಮ ಮೊಬೈಲು ನೋಡುತ್ತ ಕೂತ. ನನ್ನ ದುಡಿಮೆಯಲ್ಲಿ ಕಲಿತು ಸಾಹೇಬನಾದವನು, ನನ್ನ ಯಾವ ದೆಸೆ ಎಲ್ಲಿಂದ ಬಂತು ಎಂದು ಚೆನ್ನಾಗಿ ಗೊತ್ತಿದ್ದವನು, ಬಾಯಿ ಬಿಡಲಿಲ್ಲ. ಸಾಣೆ ಹಿಡಿದರೆ ಹರಳು ಸಣ್ಣದಾಗುತ್ತದೆ, ನನಗೆ ಅದರ ಚಿಂತೆ ಇರಲಿಲ್ಲ. ಹೊಳಪು ಬರಲಿ ಎಂದು ಹಿಡಿಸಿದ್ದರೆ ನಾನೇ ಹೂಂ ಅನ್ನುತ್ತಿದ್ದೆ. ನನ್ನನ್ನು ತೇದು ಹಾಕಿ ಉಳಿದದ್ದನ್ನು ಹಾಕಿಕೊಳ್ಳುತ್ತೇವೆ ಅಂದರೆ ಹೇಗೆ ಹೂಂ ಅನ್ನಲಿ?

ಎರಡು ದಿನ ಬಿಟ್ಟು ಎಲ್ಲರೂ ಪತ್ತಾರರ ಅಂಗಡಿಗೆ ಹೋದೆವು. ತಮ್ಮನ ಹೆಂಡತಿ ಸಾಣೆಯ ಮಾತು ಎತ್ತಿದಳು. ಪತ್ತಾರರು ಯಾರ ಪಕ್ಷವನ್ನೂ ಹಿಡಿಯದೆ "ಹುಬ್ಬಳ್ಳಿಗೆ ಕಳಸಬೇಕಾಗ್ತೈತ್ರಿ. ಏನ್ ಮಾಡ್ಲಿ ಹೇಳ್ರಿ," ಎಂದು ನನ್ನ ಮುಖ ನೋಡಿದರು. ನಾನು ಹುಡುಗಿಯ ಮುಖ ನೋಡಿದೆ. ಇಷ್ಟು ದಿನ ಅವಳನ್ನು ಯಾರೂ ಕೇಳಿರಲಿಲ್ಲ. ಓದಿದವಳು, ನನ್ನ ಕೈಯಲ್ಲಿ ಬೆಳೆದವಳು, ಒಂದು ಮಾತು ಅಂದರೆ ಸಾಕು, ಎಲ್ಲರ ಬಾಯಿ ಕಟ್ಟುತ್ತದೆ ಎಂದು ನನಗೆ ಧೈರ್ಯವಿತ್ತು.

"ಹಾಕ್ಕೊಳ್ಳಾಕಿ ನೀನು. ನೀನ ಹೇಳವಾ. ಇದ್ದಂಗ ಕೂಡ್ಸೂಣೋ, ಸಾಣಿ ಹಿಡ್ಸೂಣೋ?"

ಅವಳು ಹತ್ತಿರ ಬಂದು ಬಾತ ನನ್ನ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅತ್ತಿ, ನಾ ಇವನ್ನೆಲ್ಲಾ ನಂಬೂದಿಲ್ರಿ," ಅಂದಳು. ನನ್ನ ಎದೆ ಹಗುರಾಯಿತು. "ಆದ್ರೂ ಹಿಡಿಸಿಬಿಡೂಣ್ರಿ. ನಿಮ್ಮಂಗ ಆಗಬಾರದಲ್ರೀ, ಅದಕ್ಕಷ್ಟ."

ಎಷ್ಟು ಮೆತ್ತಗೆ ಅಂದಳು ಗೊತ್ತೇ? ಬೆರಳು ಸವರುತ್ತ ಅಂದಳು. ತಮ್ಮನ ಹೆಂಡತಿ ಅಂದಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಇವಳ ಜೊತೆ ಏನು ಜಗಳ ತೆಗೆಯಲಿ? ನಾನು ಕೈ ಬಿಡಿಸಿಕೊಂಡು ಪತ್ತಾರರ ಕಡೆ ತಿರುಗಿದೆ.

"ನನ್ನ ಅಳತೀಗೆ ಹೊಸಾ ಉಂಗುರ ಮಾಡ್ರಿ. ಹರಳ ಇದ್ದಂಗ ಕೂಡ್ರಸ್ರಿ. ಒಡದ ಅಂಚೂ ಹಂಗ ಇರ್ಲಿ."

"ಅಕ್ಕಾ, ಹುಡುಗಿ ಬಾಳ್ವೆ ದೊಡ್ಡದೋ, ನಿನ್ನ ಹರಳ ದೊಡ್ಡದೋ?" ತಮ್ಮನ ಬಾಯಿ ಈಗ ತೆರೆಯಿತು.

"ಆಕಿ ಬಾಳ್ವೆ ಚಲೋ ಆಗ್ಲಿ ಅಂತನ ಹೇಳಾಕತ್ತೀನೋ. ನನ್ನ ದೆಸಿ ಆಕಿಗೆ ಯಾಕ? ಹೊಸಾ ಹರಳ ತಗೋರಿ. ನೀವು ಕೊಟ್ಟ ದೆಸಿ ನನ್ನ ಬೆರಳಾಗ ಇರ್ಲಿ."

ಮನೆಗೆ ಬರುವ ಬಸ್ಸಿನಲ್ಲಿ ಮೂವರೂ ಒಂದು ಕಡೆ ಕೂತರು, ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ತಮ್ಮ ಹೊಸ ಪುಷ್ಯರಾಗವನ್ನೇ ತಂದ, ಒಳ್ಳೆ ದಟ್ಟ ಹಳದಿಯದು. ಮೊರಬದ ಕಡೆಯ ಗಂಡಿನವರು ಕನ್ಯೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಮನೆಯಲ್ಲಿ ಮಾತುಕತೆ ಮೊದಲಿನ ಹಾಗೆ ಆಯಿತು, ಅಂದರೆ ಚಹಾ ಕುಡೀರಿ, ಊಟಕ್ಕೇಳ್ರಿ ಅನ್ನುವಷ್ಟು.

ಅವರು ಬರುವ ದಿನ ಹುಡುಗಿಯೇ ಕರೆದಳು: "ಅತ್ತಿ, ತಲಿ ಹಿಕ್ಕಿ ಹೂವು ಮುಡಸ್ರಿ." ಸಣ್ಣವಳಿದ್ದಾಗಿನಿಂದ ಅವಳ ತಲೆ ನಾನೇ ಬಾಚುತ್ತ ಬಂದವಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕನ್ನಡಿಯ ಮುಂದೆ ಕೂಡಿಸಿ ಹೆರಳು ಹಾಕಿದೆ, ಅಬ್ಬಲಿಗೆಯ ಮಾಲೆ ಎತ್ತಿಕೊಂಡೆ. ಒಂದು ತುದಿಗೆ ಪಿನ್ನು ಚುಚ್ಚುವಷ್ಟರಲ್ಲಿ ಒಳಗೆ ಬಂದ ಅವಳ ತಾಯಿ ನನ್ನ ಕೈ ನೋಡಿ ಪಕ್ಕದಲ್ಲೇ ನಿಂತಳು.

"ಅಕ್ಕಾ, ಆ ಉಂಗುರ ಒಂದೀಟು ತಗದಿಟ್ಟು ಮುಡಸ್ರೀ. ಇವತ್ತ ಒಂದಿನ."

"ಉಂಗುರ ಅಷ್ಟ ತಗೀಲೇನು, ನಾನೂ ಹೊರಗ ಹೋಗ್ಲೇನು?" ಅಂದೆ.

ಬಾಯಿಗೆ ಬಂದದ್ದು ಅಂದುಬಿಟ್ಟೆ. ಛೇ ಛೇ, ಏನಂತ ಮಾತಾಡ್ತೀರಿ ಅಂತ ಯಾರಾದರೂ ಅಂದಾರು ಎಂದು ಕಾದೆ. ಕನ್ನಡಿಯಲ್ಲಿ ಹುಡುಗಿ ನನ್ನನ್ನು ನೋಡಿದಳು, ಆಮೇಲೆ ತೊಡೆಯ ಮೇಲಿನ ಸೆರಗನ್ನು ಸರಿ ಮಾಡಿಕೊಳ್ಳತೊಡಗಿದಳು.

"ನಿಮಗ ಹೆಂಗ ಚಲೋ ಅನಸ್ತೈತೋ ಹಂಗ ಮಾಡ್ರಿ ಅಕ್ಕಾ," ಅಂದಳು ತಮ್ಮನ ಹೆಂಡತಿ.

ಮಾಲೆಯ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟೆ. ಉಂಗುರ ತೆಗೆಯಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಹೋದೆ.