ನಮ್ಮ ಕಾರಿನ ಕುಡಿತ

ನಮ್ಮ ಕಾರಿಗೆ ಕುಡಿತದ ಚಟವಿದೆ ಎಂದು ನನಗೆ ಗೊತ್ತಾದದ್ದು ಹೋದ ತಿಂಗಳು.

ತೆಂಗಿನಕಾಯಿ ಇಡೋಣವೆಂದು ಡಿಕ್ಕಿ ತೆರೆದೆ. ಸ್ಟೆಪ್ನಿಯ ಹಿಂದೆ, ಹಳೇ ಟವೆಲಿನಲ್ಲಿ ಸುತ್ತಿಟ್ಟ ಒಂದು ಬಾಟಲಿ! ನಮ್ಮವರಿಗೆ ಈ ವಯಸ್ಸಿನಲ್ಲಿ ಇದೇನು ಹೊಸದಾಗಿ ಎಂದುಕೊಂಡೆ. ಬಿಚ್ಚಿ ನೋಡಿದರೆ ಬ್ರೇಕ್ ಫ್ಲೂಯಿಡ್. ಅರ್ಧ ಖಾಲಿ.

(ಫ್ಲೂಯಿಡ್ ಎನ್ನುವವಳು ನಾನೊಬ್ಬಳೇ. ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಇಂಗ್ಲಿಷು, ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಮನೆಯಲ್ಲಿ, ಗ್ಯಾರೇಜಿನಲ್ಲಿ, ಇಡೀ ಕೆಜಿಎಫ್‌ನಲ್ಲಿ ಅದು ಬ್ರೇಕ್ ಆಯಿಲ್.)

"ಏನ್ರೀ ಇದು?" ಎಂದು ನಮ್ಮವರನ್ನು ಕೇಳಿದೆ.

"ಹಳೇ ಗಾಡಿ ಅಲ್ವಾ, ಸ್ವಲ್ಪ ಆಯಿಲ್ ಕುಡಿಯತ್ತೆ. ಆಗಾಗ ಟಾಪ್ ಅಪ್ ಮಾಡ್ತೀನಿ. ನಿನಗ್ಯಾಕೆ ಟೆನ್ಷನ್?"

ಟೆನ್ಷನ್ ಯಾಕೆಂದರೆ, ಆ ಕಾರಿನಲ್ಲಿ ದಿನಾ ಬೆಳಿಗ್ಗೆ ನಾವಿರುವ ಕೋರಮಂಡಲ್‌ನಿಂದ ಬಂಗಾರಪೇಟೆಗೆ ಹೋಗುವವರು ನನ್ನ ಸೊಸೆ ಭಾಗ್ಯ ಮತ್ತು ಯುಕೆಜಿಯ ಮೊಮ್ಮಗಳು. ಭಾಗ್ಯ ಅಲ್ಲಿ ಟೀಚರ್, ಮಗುವಿಗೂ ಅದೇ ಸ್ಕೂಲು. ಮಗನದು ಶಿಫ್ಟ್ ಕೆಲಸ. ಹಾಗಾಗಿ ಡ್ರೈವರ್ ಸೀಟು ತಾತನದು.

ಭಾಗ್ಯ ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಅವಳಿಗೆ ಮೊದಲೇ ಅನುಮಾನವಿತ್ತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟು ಹತ್ತುತ್ತಿತ್ತು, ಮಾರನೇ ದಿನ ಆರುತ್ತಿತ್ತು, ಕೆಲವು ದಿನ ಬಿಟ್ಟು ಮತ್ತೆ ಹತ್ತುತ್ತಿತ್ತು. ಆ ಸಂಜೆ ಕಾಫಿ ಕೊಡುತ್ತಾ ಕೇಳಿಯೇಬಿಟ್ಟಳು.

"ಮಾವ, ಎಣ್ಣೆ ಕುಡಿಯೋರು ನಮ್ಮೂರಾಗೂ ಅವ್ರೆ. ಕುಡಿದೋರು ಎಲ್ಲಾನಾ ಒಂದ್ಕಡೆ ಬಿದ್ದಿರ್ತಾರೆ. ಈ ಬ್ರೇಕು ಕುಡಿದಿದ್ದು ಎಲ್ಲಿಗೋಯ್ತದೆ?"

ನಾನು ಕಾಫಿ ಚೆಲ್ಲುವಷ್ಟು ನಕ್ಕೆ. ನಮ್ಮವರು ನಗಲಿಲ್ಲ.

"ನೆಲದ ಮೇಲೆ ಒಂದು ಡ್ರಾಪ್ ಬಿದ್ದಿದ್ಯಾ ನೋಡಮ್ಮ. ಇಲ್ಲ ತಾನೇ? ಬ್ರೇಕ್ ಹೆಂಗಿದೆ ಅಂತ ನನಗೆ ಗೊತ್ತಾಗಲ್ವಾ?"

ಈ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ. ಅವರು ಇಲ್ಲಿಯ ನಂದಿದುರ್ಗ ಚಿನ್ನದ ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದವರು. ಕಾರ್ಮಿಕರನ್ನು ಕೇಜಿನಲ್ಲಿ ನಿಲ್ಲಿಸಿ ಭೂಮಿಯ ಹೊಟ್ಟೆಗೆ ಇಳಿಸುವ, ಮತ್ತೆ ಮೇಲೆತ್ತುವ ದೈತ್ಯ ಯಂತ್ರದ ಬ್ರೇಕು ಅವರ ಕೈಯಲ್ಲಿತ್ತು. ಗಣಿ ಕಾರ್ಮಿಕರ ಲೈನಿನ ಮನೆಗಳ ಹೆಂಗಸರು ನನಗೆ ಕೊಡುತ್ತಿದ್ದ ಮರ್ಯಾದೆಯೂ ಆ ಬ್ರೇಕಿನ ದೆಸೆಯಿಂದಲೇ. (ನಾನು ಮಾತ್ರ ನನ್ನ ಇಂಗ್ಲಿಷಿನಿಂದ ಅಂದುಕೊಂಡಿದ್ದೆ.)

ಆದರೂ ಸೊಸೆಯ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಇಂಜಿನ್ನು ಆಯಿಲ್ ಸುಡುತ್ತದೆ, ಸರಿ. ಬ್ರೇಕಿನದು ಮುಚ್ಚಿದ ಪೈಪಿನೊಳಗೇ ಇರುವಂಥದ್ದು. ಪ್ಯಾಡ್ ಸವೆದ ಹಾಗೆ ಮಟ್ಟ ನಿಧಾನವಾಗಿ ಇಳಿಯುತ್ತದಂತೆ. ಹಾಕಿದಷ್ಟೂ ಹೀಗೆ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥವಲ್ಲವೇ? ನಾವು ಅದಕ್ಕೆ ಆಯಿಲ್ ಎಂದು ಹೆಸರಿಟ್ಟೆವು. ಅಡುಗೆಮನೆಯ ಎಣ್ಣೆಯ ಹಾಗೆ ಖರ್ಚಾಗುವುದು ಸಹಜ ಎಂದು ಸುಮ್ಮನಾದೆವು.

ಸೋಮವಾರ ಭಾಗ್ಯ ಜಗಳವಾಡಲಿಲ್ಲ. "ಅತ್ತೆ, ನಾವು ಟ್ರೇನ್ನಾಗೆ ಓಗ್ತೀವಿ. ಮಗೂಗೆ ಟ್ರೇನಂದ್ರೆ ಇಷ್ಟ" ಎಂದು ಮಗುವಿನ ಕೈ ಹಿಡಿದು ಸ್ಟೇಷನ್ನಿನ ಕಡೆ ನಡೆದುಬಿಟ್ಟಳು. ನಮ್ಮವರು ಕಾರಿನ ಗಾಜು ಒರೆಸುತ್ತಿದ್ದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

"ಗ್ಯಾರೇಜಿನೋರಿಗೆ ತೋರಿಸೋಕೆ ಏನ್ರೀ ಕಷ್ಟ?" ಎಂದೆ.

"ತೋರಿಸಿದ್ರೆ ಮಗನಿಗೆ ಗೊತ್ತಾಗತ್ತೆ. ಅಪ್ಪ, ವಯಸ್ಸಾಯ್ತು, ಇನ್ನು ಗಾಡಿ ಮುಟ್ಟಬೇಡಿ ಅಂತಾನೆ. ಮೈನ್ಸ್ ಮುಚ್ಚಿದಾಗ ಒಂದು ಸೀಟು ಹೋಯ್ತು. ಈಗ ಇದೂ ಹೋಗ್ಲಾ?"

ಪಾಪ ಅನ್ನಿಸಿತು. ಆದರೆ ಪಾಪ ಅನ್ನುತ್ತಾ ಕೂತರೆ ಮೊಮ್ಮಗಳ ಗತಿ? "ಕೇಜಿನ ಬ್ರೇಕು ಹೀಗಿದ್ದಿದ್ರೆ ಜನ ಇಳಿಸ್ತಿದ್ರಾ?" ಎಂದು ಕೇಳಿದೆ.

ನಮ್ಮವರು ಒರೆಸುವ ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟರು. ಫೋನು ತೆಗೆದು ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದರು.

ಅವನು ಹಿಂದಿನ ಚಕ್ರ ಬಿಚ್ಚಿದ. "ಉಳ್ಳ ಫುಲ್ಲಾ ಈರಂ, ಅಂಕಲ್" ಎಂದ ತನ್ನ ತಮಿಳಿನಲ್ಲಿ. ಒಳಗೆಲ್ಲ ಒದ್ದೆ! ಸೋರಿದ್ದೆಲ್ಲ ಚಕ್ರದ ಡ್ರಮ್ಮಿನೊಳಗೇ ನಿಂತಿತ್ತು, ನೆಲಕ್ಕೆ ಬೀಳುವುದು ಎಲ್ಲಿಂದ? ಸಿಲಿಂಡರ್, ಬ್ರೇಕ್ ಶೂ ಎಲ್ಲ ಬದಲಾಯಿತು. ಹಳೇ ಫ್ಲೂಯಿಡ್ ತೆಗೆದು ಹೊಸದು ತುಂಬಿದ. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮವರೇ ಮಗನಿಗೆ ಎಲ್ಲವನ್ನೂ ಹೇಳಿದರು. "ರೆಡಿ ಆಯ್ತಲ್ಲಪ್ಪ, ಬಿಡಿ" ಎಂದು ಅವನು ಅನ್ನ ಕಲೆಸಿಕೊಂಡ. ಅಷ್ಟೇ!

ಗಣಿಯಲ್ಲಿ ಒಂದು ಪದ್ಧತಿಯಿತ್ತು. ರಿಪೇರಿಯಾದ ಮೇಲೆ ಮೊದಲ ಕೇಜು ಖಾಲಿ ಇಳಿಯಬೇಕು, ಖಾಲಿ ಏರಬೇಕು. ಮನುಷ್ಯರು ಹತ್ತುವುದು ಆಮೇಲೆ. ನಮ್ಮವರು ಮರುದಿನ ಕಾರನ್ನು ಹಾಗೆಯೇ ಒಬ್ಬರೇ ಬಂಗಾರಪೇಟೆಗೆ ತೆಗೆದುಕೊಂಡು ಹೊರಟರು. ನಾನೂ ಬರುತ್ತೇನೆಂದೆ.

"ಖಾಲಿ ಕೇಜಲ್ಲಿ ಹೆಂಡ್ತೀನ ಕೂರಿಸ್ಕೊಂಡ್ರೆ ಅದು ಖಾಲಿ ಹೆಂಗಾಗತ್ತೆ? ಮನೇಲಿರು!"

ಹೋಗಿ ಬಂದರು. ಅದರ ಮರುದಿನ ಬೆಳಿಗ್ಗೆ ಭಾಗ್ಯ ಬ್ಯಾಗು ಹಿಡಿದು ಗೇಟಿಗೆ ಬಂದಾಗ, ಸ್ಟೀರಿಂಗ್ ಮುಂದೆ ಕೂತಿದ್ದವರು ಎದ್ದು ಹೊರಗೆ ಬಂದು ಬಾಗಿಲು ಹಿಡಿದು ನಿಂತರು.

"ಕೂತ್ಕೋಮ್ಮ. ನೀನೇ ಬ್ರೇಕ್ ಒತ್ತಿ ನೋಡು. ನಿನಗೆ ಸರಿ ಅನ್ನಿಸಿದ್ರೆ ಹೋಗೋಣ."

ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಒತ್ತಿದಳು. ಇನ್ನೊಮ್ಮೆ ಒತ್ತಿದಳು. "ಕಲ್ಲಿದ್ದಂಗೈತೆ, ಮಾವ" ಎಂದಳು. ಇಳಿದು, ಹಿಂದೆ ಮಗಳ ಪಕ್ಕಕ್ಕೆ ಹೋಗಿ ಕೂತಳು. ನಮ್ಮವರು ಮತ್ತೆ ಸ್ಟೀರಿಂಗ್ ಮುಂದೆ. ಕಾರು ಹೊರಟಿತು.

ನಾನು ಒಳಗೆ ಬಂದು ನನ್ನ ಅಡುಗೆಮನೆಯಲ್ಲಿ ನಿಂತೆ. ನನ್ನ ಸೀಟು ಇದೇ. ಇಲ್ಲಿ ಉಪ್ಪಿನ ಡಬ್ಬಿ ಯಾವುದು ಎಂದು ಸೊಸೆಗೆ ಗೊತ್ತಾಗದ ಹಾಗೆ ಇಟ್ಟುಕೊಂಡವಳು ನಾನು. ವಯಸ್ಸಿಗೆ ಕಣ್ಣು ಮಂಜಾಗಿ ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ನೀರು ಬೆರೆಸಿ ಮುಚ್ಚಿಹಾಕುತ್ತೇನೆ. ಅದೂ ಒಂದು ಟಾಪ್ ಅಪ್ಪೇ ಅಲ್ಲವೇ?

ಒಂದು ನಿಮಿಷ ಎದ್ದು ನಿಂತರೆ ಸೀಟು ಹೋಗಿಬಿಡುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟವರು ಯಾರು?